ಕಾವಮ್ಮನ ಮನೆಗೆ ಬಂದ ಕಂಪನಿ ಲೈನು

ಕಾವಮ್ಮನ ಮರಿಮನೆಯ ಕೊನೆಯ ಕೋಣೆಗೆ ಚಪ್ಪಲಿ ಮೆಟ್ಟಿಕೊಂಡು ಹೋದವರು ಇಬ್ಬರೇ ಇಬ್ಬರು. ಒಬ್ಬ ಅವಳ ತಮ್ಮ, ಚಡ್ಡಿ ಹಾಕುವ ವಯಸ್ಸಿನಲ್ಲಿ. ಇನ್ನೊಬ್ಬ ಯಾವುದೋ ಇಲಾಖೆಯ ಇನ್‌ಸ್ಪೆಕ್ಟರು, ಹೊಟ್ಟೆ ಬಂದ ವಯಸ್ಸಿನಲ್ಲಿ. ಇಬ್ಬರಿಗೂ ಒಂದೇ ಶಾಸ್ತಿಯಾಯಿತು. ತೋಳು ಹಿಡಿದು ಹೊರಗೆ ತಂದು ನಿಲ್ಲಿಸಿ, ಪಿಸುದನಿಯಲ್ಲೇ ಜನ್ಮ ಜಾಲಾಡಿದಳು. ಪಿಸುದನಿಯಲ್ಲಿ ಬೈಯುವುದೆಂದರೆ ಹುಡುಗಾಟವಲ್ಲ, ಅದಕ್ಕೂ ವರ್ಷಗಳ ಅಭ್ಯಾಸ ಬೇಕು.

ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿ ಮಾರುವುದು ಅವಳ ಕಸುಬು. ಅದಕ್ಕೇ ಬೀದಿಯವರು ಕಾವಮ್ಮ ಎಂದು ಕರೆದದ್ದು, ಹೆತ್ತವರಿಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ಕರೆದದ್ದು. ಮೊಟ್ಟೆಗಳು ಮೊದಲು ದೊಡ್ಡ ಯಂತ್ರದಲ್ಲಿ ಇರುತ್ತವೆ. ಕೊನೆಯ ಮೂರು ದಿನ ಮಾತ್ರ ಅವನ್ನು ಹಿಂದಿನ ಕೋಣೆಯ ಮರದ ಪೆಟ್ಟಿಗೆಗಳಿಗೆ ಇಳಿಸುತ್ತಾಳೆ. ಅಲ್ಲಿ ಫ್ಯಾನಿಲ್ಲ, ಮಾತಿಲ್ಲ, ಬಲ್ಬಿನ ಕಾವು ಬಿಟ್ಟರೆ ಬೇರೇನೂ ಇಲ್ಲ. ಇದು ಅವಳ ಅತ್ತೆಯಿಂದ ಬಂದ ಪದ್ಧತಿ. ಅತ್ತೆ ಹೇಳುತ್ತಿದ್ದಳು: "ಒಳಗಿರೋವು ಒಂದಕ್ಕೊಂದು ಮಾತಾಡ್ಕೊಳ್ತಾವೆ. ಒಂದು 'ನಾನು ಹೊರಟೆ' ಅನ್ನತ್ತೆ, ಇನ್ನೊಂದು 'ತಡಿ, ನಾನೂ ಬಂದೆ' ಅನ್ನತ್ತೆ. ಮಾತಾಡ್ಕೊಂಡೇ ಎಲ್ಲಾ ಒಟ್ಟಿಗೆ ಹೊರಗೆ ಬರ್ತಾವೆ. ನಡುವೆ ನಾವು ಬಾಯಿ ಹಾಕ್ಬಾರ್ದು." ಕಾವಮ್ಮ ಮೊಟ್ಟೆಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಒಳಗಿನ ಕೀಚು ಕೀಚು ಕೇಳಿದ ಮೇಲೇ ನಿಟ್ಟುಸಿರು ಬಿಡುತ್ತಿದ್ದಳು.

ಈಗ ಕೆಲವು ತಿಂಗಳಿಂದ ಮೊಟ್ಟೆಯನ್ನು ಕಿವಿಗೆ ಒತ್ತಿದರೆ ಅವಳಿಗೆ ಕೇಳುವುದು ಒಂದೇ ಸದ್ದು. ಗೊಂಯ್ ಎಂದು ಶುರುವಾದದ್ದು ನಿಲ್ಲುವುದೇ ಇಲ್ಲ. ಅದು ಹಿತ್ತಲಿನ ಆಚೆ, ಗಾಳಿಕಂಬಗಳ ಬುಡದಲ್ಲಿ ಸಾಲಾಗಿ ಇಟ್ಟ ಕಬ್ಬಿಣದ ಪೆಟ್ಟಿಗೆಗಳಿಂದ ಬರುತ್ತದೆ. ಲಾರಿಯ ಮೇಲೆ ಹೋಗುವಂಥ ಪೆಟ್ಟಿಗೆಗಳು, ಒಂದೊಂದರ ಮೈತುಂಬ ಫ್ಯಾನುಗಳು. ಮರಿಗಳು ಈಗ ಒಟ್ಟಿಗೆ ಬರುತ್ತಿಲ್ಲ. ಒಂದು ಬೆಳಿಗ್ಗೆ ಬಂದರೆ ಇನ್ನೊಂದು ಮಾರನೆಯ ಸಂಜೆ. ಮೊದಲು ಬಂದವು ಕಾದು ಕಾದು ಒಣಗುತ್ತವೆ, ಹಿಂದೆ ಉಳಿದವು ಚಿಪ್ಪಿನೊಳಗೇ ಸಾಯುತ್ತವೆ. ಪಶುವೈದ್ಯರನ್ನು ಕರೆಸಿ ಕೇಳಿದರೆ, ಸದ್ದಿನಿಂದಲೇ ಎಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದರು. ಅಷ್ಟು ಹೇಳುವುದಕ್ಕೆ ಅವಳು ಅವರಿಗೆ ಎರಡು ಸಲ ಚಹಾ ಕೊಟ್ಟಿದ್ದಳು.

ಕಂಪನಿಯವರು ಮೊದಲು ಬಂದದ್ದು ಗಾಳಿಕಂಬ ನೆಡುವುದಕ್ಕೆ. ಹೊಗೆಯಿಲ್ಲ, ಧೂಳಿಲ್ಲ, ಬೀಸುವ ಗಾಳಿಯಿಂದ ಕರೆಂಟು. ಹೇಳಿ, ಯಾರಿಗೆ ಬೇಡ? ಬಂದವನು ಒಬ್ಬ ನಗುಮುಖದ ಮನುಷ್ಯ. ಮರಿಮನೆಯ ಹೊಸ್ತಿಲಲ್ಲಿ ಯಾರೂ ಹೇಳದೆಯೇ ಶೂ ಬಿಚ್ಚಿಟ್ಟ. ಅಲ್ಲಿಗೇ ಕಾವಮ್ಮ ಅರ್ಧ ಕರಗಿದಳು. ಸುತ್ತಲಿನವರ ಒಪ್ಪಿಗೆ ಬೇಕು ಎಂದ. "ಒಪ್ಪಿಗೆ ಕೊಡೋಣ, ಆದರೆ ಕರೆಂಟು ಹೋದ್ರೆ ನನ್ನ ಮೊಟ್ಟೆ ಹೋಯ್ತು. ನಿಮ್ಮ ಕಂಬದಿಂದ ನಂಗೊಂದು ಲೈನು ಎಳೆದುಕೊಡಿ, ಆಮೇಲೆ ಸಹಿ" ಎಂದು ಇವಳು ಪಟ್ಟು ಹಿಡಿದಳು. ನೋಡೋಣ ಎಂದು ನಕ್ಕು ಹೋದ. ಸ್ವಲ್ಪ ದಿನಕ್ಕೆ ಕಂಬದಿಂದ ಮರಿಮನೆಯ ಮಾಡಿಗೆ ದಪ್ಪನೆಯ ಕರಿ ತಂತಿ ಬಂದೇ ಬಂತು. ಕಾವಮ್ಮ ಸಹಿ ಹಾಕಿದಳು. ಅವಳು ಹಾಕಿದ ಮೇಲೆ ಬೀದಿಗೆ ಬೀದಿಯೇ ಹಾಕಿತು.

ಏಕೆಂದರೆ ಅವಳ ಹೆಸರು ಹಾಗಿತ್ತು. ಮೊಟ್ಟೆಯನ್ನು ದೀಪಕ್ಕೆ ಹಿಡಿದು, ಒಳಗೆ ಜೀವ ಇದೆಯೋ ಇಲ್ಲವೋ ನೋಡಿ ಆರಿಸುವ ಕೈ ಅದು. ಗಂಡು ನೋಡುವುದಿರಲಿ, ಬಾಡಿಗೆಗೆ ಯಾರಾದರೂ ಬರುವುದಿರಲಿ, ಬೀದಿಯವರು ಮೊದಲು ಇವಳ ಬಳಿ ಬರುತ್ತಿದ್ದರು. "ಕಾವಮ್ಮ ದೀಪಕ್ಕೆ ಹಿಡಿದು ನೋಡಿದಾರೆ, ಸಾಕು" ಎನ್ನುವುದು ಅಲ್ಲಿನ ಮಾತು. ನಗುಮುಖದವನನ್ನೂ ದೀಪಕ್ಕೆ ಹಿಡಿದೆನೆಂದೇ ಅವಳು ತಿಳಿದಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುವವಳು, ತನ್ನ ಹೊಸ್ತಿಲಲ್ಲಿ ಶೂ ಬಿಚ್ಚಿದವನ ಮುಂದೆ ಅದನ್ನು ಮರೆತಳು.

ಕಬ್ಬಿಣದ ಪೆಟ್ಟಿಗೆಗಳು ಬಂದಾಗ ಬೀದಿಯ ಸಲೂನಿನವನು ಎಲ್ಲರ ಪರವಾಗಿ ಕೇಳಲು ಹೋಗಿದ್ದ. ಒಳಗಿರುವುದು ಲೆಕ್ಕ ಮಾಡುವ ಯಂತ್ರಗಳು, ಲೆಕ್ಕದಿಂದ ನಾಣ್ಯ ಹುಟ್ಟುತ್ತದೆ ಎಂದರಂತೆ. ಎಲ್ಲಿ, ಒಂದು ತೋರಿಸಿ ಎಂದನಂತೆ ಇವನು. ಅದು ಕಣ್ಣಿಗೆ ಕಾಣುವುದಿಲ್ಲ ಎಂದರಂತೆ. "ಕಣ್ಣಿಗೆ ಕಾಣದ ನಾಣ್ಯಕ್ಕೆ ಕಿವಿ ಹರಿಯೋ ಸದ್ದು ಯಾಕೆ ಅಂತ ಕೇಳ್ದೆ. ಗೇಟು ಹಾಕ್ಕೊಂಡ್ರು" ಎಂದು ಸಲೂನಿನಲ್ಲಿ ಬಂದವರಿಗೆಲ್ಲ ಹೇಳಿದ. ಬೀದಿ ನಕ್ಕಿತು. ಆದರೆ ಆ ನಗು ಬೇಸಿಗೆಯವರೆಗೂ ಉಳಿಯಲಿಲ್ಲ. ಗಾಳಿ ಬಿದ್ದ ದಿನ ಕಂಬಗಳು ತಿರುಗುವುದಿಲ್ಲ, ಪೆಟ್ಟಿಗೆಗಳು ಮಾತ್ರ ನಿಲ್ಲುವುದಿಲ್ಲ. ಅವು ಊರಿನ ತಂತಿಯಿಂದಲೇ ಕರೆಂಟು ಹೀರತೊಡಗಿದವು. ಮನೆಮನೆಯಲ್ಲೂ ಫ್ಯಾನು ನಿಂತಿತು, ಕೂಸುಗಳು ಅತ್ತವು. ಪೆಟ್ಟಿಗೆಗಳ ಕರೆಂಟೇ ಹರಿಯುತ್ತಿದ್ದ ಕಂಪನಿ ಲೈನಿನಿಂದ ಉರಿಯುತ್ತಿದ್ದದ್ದು ಕಾವಮ್ಮನ ಮರಿಮನೆಯ ದೀಪ ಒಂದೇ. ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುವಾಗ ಎಲ್ಲರೂ ಒಮ್ಮೆ ಆ ದೀಪದ ಕಡೆ ನೋಡಿ, ಆಮೇಲೆ ಅವಳ ಮುಖ ನೋಡುತ್ತಿದ್ದರು. ಅವಳಿಗೆ ಕೊಡ ಎತ್ತುವುದೇ ಭಾರವಾಗುತ್ತಿತ್ತು.

ಆ ಭಾರ ಇಳಿಸಿಕೊಳ್ಳಲೆಂದೇ ಅವಳು ಹೋರಾಟಕ್ಕೆ ಇಳಿದದ್ದು. ಮೊದಲು ಸಹಿ ಹಾಕಿದವಳೇ ಈಗ ಮೊದಲು ಕೂಗಿದಳು. ಬೀದಿಯ ಕೊನೆಯ ಮನೆಯ ನಿವೃತ್ತ ಮೇಷ್ಟರು ಪತ್ರಿಕೆ ಓದಿ ಎಲ್ಲರಿಗೂ ತಿಳಿಸಿದರು. ಕಂಪನಿಯ ಹಣ ಹೊರದೇಶದ್ದು. ಹೊರದೇಶದವರು ಇಲ್ಲಿ ನೆಲ ಕೊಳ್ಳುವ ಹಾಗಿಲ್ಲ. ಹಾಗಾದರೆ ಇಲ್ಲಿಯವನೇ ಯಾರೋ ತನ್ನ ಹೆಸರು ಕೊಟ್ಟಿದ್ದಾನೆ. "ಹೆಸರು ಕೊಟ್ಟವನಿಗೂ ಜೈಲು, ಅದರಿಂದ ಲಾಭ ಪಡೆದವರಿಗೂ ಜೈಲು, ಆಸ್ತಿ ಜಪ್ತಿ" ಎಂದು ಮೇಷ್ಟರು ಕನ್ನಡಕ ತೆಗೆದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಕಾವಮ್ಮ. "ಊರು ಮಾರಿಕೊಂಡ ಆ ಮನೆಹಾಳ ಯಾರೂಂತ ಗೊತ್ತಾಗ್ಲಿ, ಅವನ ಮುಖಕ್ಕೆ ನಾನು ಕೊಳೆತ ಮೊಟ್ಟೆ ಹೊಡೀತೀನಿ. ನನ್ನ ಹತ್ರ ಈಗ ಬೇಕಾದಷ್ಟಿವೆ" ಎಂದಳು. ಅರ್ಜಿ ಹೋಯಿತು. ಸೋಮವಾರ ಬೆಳಿಗ್ಗೆ ಪುರಸಭೆಯ ಹಾಲಿನಲ್ಲಿ ವಿಚಾರಣೆ, ದೊಡ್ಡ ಕಚೇರಿಯಿಂದ ಅಧಿಕಾರಿ ಬರುತ್ತಾರೆ ಎಂದಾಯಿತು.

ಅದಕ್ಕೆ ಎರಡು ದಿನ ಮೊದಲು, ಶನಿವಾರ, ಒಂದು ಇಡೀ ಪೆಟ್ಟಿಗೆ ಮರಿ ಸತ್ತಿತು. ಕಾವಮ್ಮನಿಗೆ ತಲೆ ಕೆಟ್ಟುಹೋಯಿತು. ಸತ್ತ ಮರಿಗಳ ತಟ್ಟೆಯನ್ನೇ ಎತ್ತಿಕೊಂಡು ಹಿತ್ತಲು ದಾಟಿ ಕಂಪನಿಯ ಗೇಟಿಗೆ ಹೋದಳು.

ಗೇಟಿನಲ್ಲಿ ಕಾವಲುಗಾರ. ಬೇರೆ ಊರಿನವನು, ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಅವಳು ಕೂಗಿದ್ದು ಕೇಳಿಸದೆ ಹತ್ತಿ ತೆಗೆದ, ತಟ್ಟೆ ನೋಡಿ ಮುಖ ಸಣ್ಣ ಮಾಡಿಕೊಂಡ.

"ನಾನೇನು ಮಾಡ್ಲಿ ಅಮ್ಮ? ಗೇಟು ತೆಗೀಬೇಕಂದ್ರೆ ಮೇಲಿನವರು ಹೇಳ್ಬೇಕು, ಇಲ್ಲಾ ನೆಲದ ಓನರ್ ಹೇಳ್ಬೇಕು."

"ಯಾರಪ್ಪ ಆ ಓನರು? ಅವನ ಮುಖ ನೋಡಿದೀಯಾ ನೀನು?"

"ನೋಡಿದೀನಿ. ಆವತ್ತು ಸೂಟಿನವರ ಜೊತೆ ಬಂದಿದ್ರು. ಪಾಪ, ಒಳ್ಳೆಯವರು. ಎಲ್ಲಾ ಕಾರಲ್ಲಿ ಬಂದ್ರೆ ಅವರು ಮಾತ್ರ ಸ್ಕೂಲ್ ವ್ಯಾನಲ್ಲಿ ಬಂದ್ರು. ಹಳದಿ ವ್ಯಾನು, ಹಿಂದುಗಡೆ ಗಾಜಿನ ಮೇಲೆ ಮೊಲದ ಚಿತ್ರ."

ಆ ಮೊಲಕ್ಕೆ ಒಂದು ಕಿವಿ ಉದ್ದ, ಒಂದು ಗಿಡ್ಡ. ಬರೆದವಳು ಕಾವಮ್ಮನೇ. ತಮ್ಮ ಹೊಸದಾಗಿ ಶಾಲೆಯ ವ್ಯಾನು ಓಡಿಸಲು ಸೇರಿದಾಗ, ಮಕ್ಕಳು ಹೆದರದೆ ಹತ್ತಲಿ ಎಂದು ಬರೆದುಕೊಟ್ಟಿದ್ದಳು.

ತಟ್ಟೆ ಹಿಡಿದುಕೊಂಡೇ ಅವಳು ಹಿತ್ತಲಿನ ಕಡೆ ತಿರುಗಿದಳು. ಇರಲಾರದು ಎಂದುಕೊಂಡಳು. ಸೈಕಲ್ಲಿನ ಟಯರು ಬದಲಿಸಲೂ ಅಕ್ಕನನ್ನು ಕೇಳುವ ಪ್ರಾಣಿ ಅವನು. ತಾಯಿ ಸತ್ತಾಗ ಕಂಕುಳಲ್ಲಿ ಎತ್ತಿಕೊಂಡು ಗಂಡನ ಮನೆಗೆ ತಂದ ಮಗು. ಗಂಡ ಹೋದ ಮೇಲೆ ಇವಳ ಬೆನ್ನಿಗೆ ನಿಂತವನೂ ಅವನೇ. ಅದೇ ಅಂಗಳದ ಮುಂದಿನ ಮನೆಯಲ್ಲಿ ಹೆಂಡತಿಯೊಡನೆ ಇದ್ದಾನೆ. ಕಣ್ಣೆದುರಿಗೇ ಇದ್ದವನು ಅಷ್ಟು ದೊಡ್ಡ ನೆಲಕ್ಕೆ ಯಾವಾಗ ಧಣಿಯಾದ?

ಅವನು ಅಂಗಳದಲ್ಲಿ ವ್ಯಾನು ತೊಳೆಯುತ್ತಿದ್ದ. ಅವಳ ಮುಖ ನೋಡಿದವನೇ ಪೈಪು ಕೆಳಗೆ ಬಿಟ್ಟ. ಕೇಳುವ ಮೊದಲೇ ಉತ್ತರ ಅವನ ಮುಖದಲ್ಲಿತ್ತು.

"ನೀನಾ?" ಎಂದಳು.

"ಹೌದಕ್ಕ."

"ಎಷ್ಟಕ್ಕೆ ಮಾರ್ಕೊಂಡೆ?"

"ದುಡ್ಡು ಮುಟ್ಟಿಲ್ಲ ಅಕ್ಕ. ಮಕ್ಕಳಾಣೆ ಅನ್ನೋಣ ಅಂದ್ರೆ ನಂಗೆ ಮಕ್ಕಳಿಲ್ಲ, ಈ ವ್ಯಾನಿನ ಮಕ್ಕಳಾಣೆ."

"ಮತ್ತೆ ಯಾವ ಸುಖಕ್ಕೆ ಹೆಸರು ಕೊಟ್ಟೆ?"

ಅವನು ಒದ್ದೆ ಬಟ್ಟೆ ಹಿಡಿದ ಕೈ ಎತ್ತಿ ಮರಿಮನೆಯ ಮಾಡು ತೋರಿಸಿದ. ಕಂಬದಿಂದ ಬಂದ ಕರಿ ತಂತಿ ಅಲ್ಲಿ ಜೋತಾಡುತ್ತಿತ್ತು.

"ಅದನ್ನ ಕೇಳ್ದೆ. ನೀನು ಕೇಳಿದ್ದಕ್ಕೆ ಅವರು ಕೊಡೋರಿರಲಿಲ್ಲ ಅಕ್ಕ. ಆಚೆ ಹೋಗಿ ನಕ್ರು. ನಾನು ಅಲ್ಲೇ ವ್ಯಾನಲ್ಲಿ ಕೂತಿದ್ದೆ, ಕೇಳಿಸ್ತು. ಆಮೇಲೆ ಒಂದಿನ ನನ್ನ ಹತ್ರ ಬಂದು, ಇಲ್ಲಿಯವರ ಹೆಸರು ಬೇಕು, ಬರೀ ಕಾಗದಕ್ಕೆ, ನಿಂಗೇನು ಬೇಕು ಕೇಳು ಅಂದ್ರು. ಅಕ್ಕನ ಮನೆಗೆ ಲೈನು ಕೊಡಿ ಅಂದೆ. ಹೋದ ವರ್ಷ ಕರೆಂಟು ಹೋಗಿ ಎಲ್ಲಾ ಸತ್ತಾಗ ನೀನು ತಟ್ಟೆ ತೊಡೆ ಮೇಲಿಟ್ಕೊಂಡು ಅತ್ತೆಯಲ್ಲ. ಭಾವ ಹೋದಾಗಲೂ ನೀನು ಹಾಗೆ ಅತ್ತಿರಲಿಲ್ಲ."

ಕಾವಮ್ಮನಿಗೆ ಮೊದಲು ಬಂದದ್ದು ಸಿಟ್ಟು, ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು. ಅದರ ಬೆನ್ನಿಗೇ ಬಂದದ್ದು ನಾಚಿಕೆ. ಆ ಲೈನು ತನ್ನ ಜಾಣತನದ ಫಲವೆಂದು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿರಲಿಲ್ಲ ಅವಳು! ಪಟ್ಟು ಹಿಡಿದೆ, ಬಗ್ಗಿಸಿದೆ, ಎಳೆಸಿಕೊಂಡೆ ಎಂದು. ಬಗ್ಗಿದವನು ತನ್ನ ತಮ್ಮ. ಮರಿಗಳನ್ನು ಉಳಿಸಲು ಬಂದ ತಂತಿಯೂ, ಮರಿಗಳನ್ನು ಕೊಲ್ಲುತ್ತಿರುವ ಸದ್ದೂ ಒಂದೇ ಬಾಗಿಲಿನಿಂದ ಒಳಗೆ ಬಂದಿದ್ದವು.

"ಪೆಟ್ಟಿಗೆ ತಂದಿಡ್ತಾರೆ ಅಂತ ನಂಗೆ ಗೊತ್ತಿರಲಿಲ್ಲ" ಎಂದ ಅವನು. ಅದು ನಿಜವೆಂದು ದೀಪಕ್ಕೆ ಹಿಡಿಯದೆಯೇ ಅವಳಿಗೆ ಗೊತ್ತಾಯಿತು. ಪೈಪಿನ ನೀರು ಅಂಗಳ ತುಂಬಿ ಅವಳ ಕಾಲಿಗೆ ಬಂದಿತ್ತು.

ಭಾನುವಾರ ಸಲೂನಿನವನೂ ಮೇಷ್ಟರೂ ಅವಳ ಮನೆಗೆ ಬಂದರು, ಮರುದಿನ ಯಾರು ಏನು ಮಾತಾಡಬೇಕು ಎಂದು ತೀರ್ಮಾನಿಸಲು. ಕಾವಮ್ಮ ಬಾಗಿಲಿಗೆ ಒರಗಿ ಕೂತಿದ್ದಳು. ಮುಂದಾಳೇ ಹೀಗೆ ಮಂಕಾದರೆ ಹೇಗೆ ಎಂದು ಮೇಷ್ಟರು ಕೇಳಿದರು. ಮರಿ ಸತ್ತಿವೆಯಲ್ಲ ಮೇಷ್ಟ್ರೇ ಎಂದಳು. ಸುಳ್ಳಲ್ಲ, ಆದರೆ ನಿಜವೂ ಅಲ್ಲ.

"ನಾಳೆ ಹೆಸರು ಹೊರಗೆ ಬರೋದು ಖಂಡಿತ" ಎಂದ ಸಲೂನಿನವನು. "ಬಂದ ಮೇಲೆ ಅವನ ತಲೆ ಬೋಳಿಸೋ ಕೆಲಸ ನಂದು. ಬಿಟ್ಟಿ ಮಾಡ್ಕೊಡ್ತೀನಿ."

ಅದೇ ಹೊತ್ತಿಗೆ ಚಹಾದ ತಟ್ಟೆ ಹಿಡಿದು ತಮ್ಮ ಒಳಗೆ ಬಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ತಾನಾಗಿಯೇ ತಲೆಗೆ ಹೋಯಿತು. ಲೋಟಗಳು ಗಲಗಲ ಅಂದವು. ಬಂದವರು ಗಮನಿಸಲಿಲ್ಲ. ಕಾವಮ್ಮ ಎದ್ದು ಅವನ ಕೈಯಿಂದ ತಟ್ಟೆ ಇಸಿದುಕೊಂಡಳು. ಹೇಳಿದರೆ ತಮ್ಮ ಒಳಗೆ ಹೋಗುತ್ತಾನೆ. ಹೇಳದಿದ್ದರೆ ಬೀದಿ ಮತ್ತೆ ಕತ್ತಲಲ್ಲಿ, ಸದ್ದಿನಲ್ಲಿ ಬೇಯುತ್ತದೆ, ಅವಳ ಸಹಿಯನ್ನು ನಂಬಿ ಸಹಿ ಹಾಕಿದ ಬೀದಿ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಅವಳು ಬೇರೆಯವರ ಮೇಲೆ ಎಷ್ಟೋ ಸಲ ಎಸೆದಿದ್ದಳು. ಆ ಗಾದೆ ಈಗ ಅವಳ ಎದುರಿಗೇ ಬಂದು ಕೂತು ಚಹಾ ಕುಡಿಯುತ್ತಿತ್ತು. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಸೋಮವಾರ ಬೆಳಿಗ್ಗೆ ಹೊರಡುವ ಮೊದಲು ಅವಳು ಮರಿಮನೆಗೆ ಹೋದಳು. ಚಪ್ಪಲಿ ಬಿಟ್ಟು, ಕೊನೆಯ ಕೋಣೆಯಲ್ಲಿ ಹೊಸದಾಗಿ ಇಳಿಸಿದ ಮೊಟ್ಟೆಗಳ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಗೋಡೆಯ ಮೇಲಿನ ಕಂಪನಿ ಲೈನಿನ ಸ್ವಿಚ್ಚು ಕೆಳಗೆಳೆದಳು. ದೀಪ ಆರಿತು. ಹಳೆಯ, ಊರಿನ ಲೈನಿನ ಸ್ವಿಚ್ಚು ಮೇಲೆತ್ತಿದಳು. ದೀಪ ಒಂದು ಸಲ ಮಿಣುಕಿ, ಮಂಕಾಗಿ ಹತ್ತಿತು.

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಯಾಕೆ ಅತ್ತಿಗೆ, ಕಂಪನಿ ಲೈನು ಚೆನ್ನಾಗೇ ಇದೆಯಲ್ಲ?"

"ಚೆನ್ನಾಗೇ ಇದೆ. ಈ ಲೈನು ಹೋದ್ರೆ ಬಾಟಲಿಗಳಿಗೆ ಬಿಸಿನೀರು ತುಂಬಿ ಮೊಟ್ಟೆ ಪಕ್ಕ ಇಡು. ಆ ಸ್ವಿಚ್ಚು ಮಾತ್ರ ಮುಟ್ಬೇಡ" ಎಂದಳು ಕಾವಮ್ಮ.

ಪುರಸಭೆಯ ಹಾಲು ಜನರಿಂದ ತುಂಬಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ್ದರೂ ಆ ಗೊಂಯ್ ಸಣ್ಣಗೆ ಅಲ್ಲಿಗೂ ಬರುತ್ತಿತ್ತೋ, ಅಥವಾ ಎಲ್ಲರ ಕಿವಿಯೊಳಗೇ ಮನೆ ಮಾಡಿತ್ತೋ ಹೇಳುವುದು ಕಷ್ಟ. ಅಧಿಕಾರಿ ಒಬ್ಬ ಹೆಂಗಸು, ಮಾತು ಕಡಿಮೆ, ಕೇಳುವುದು ಹೆಚ್ಚು. ಮೇಷ್ಟರು ಕಾನೂನು ಹೇಳಿದರು. ಸಲೂನಿನವನು ಬೇಸಿಗೆಯ ಕತ್ತಲೆ ಹೇಳಿದ. ಕಂಪನಿಯ ವಕೀಲ ಎದ್ದು, ಗಾಳಿಯ ಕರೆಂಟು ಎಲ್ಲರ ಒಳಿತಿಗೆ, ನೆಲ ಇಲ್ಲಿಯವರದೇ, ಕಂಪನಿ ಬರೀ ಬಾಡಿಗೆದಾರ ಎಂದ. ಪಕ್ಕದಲ್ಲಿ ನಗುಮುಖದವನು ಕೂತಿದ್ದ. ನಗು ಹಾಗೇ ಇತ್ತು.

"ದಾಖಲೆಯಲ್ಲಿ ಒಂದು ಸಂಸ್ಥೆ ಹೆಸರಿದೆ, ಅದರ ಹಿಂದೆ ಇನ್ನೊಂದು ಸಂಸ್ಥೆ ಇದೆ. ಈರುಳ್ಳಿ ಸುಲಿದ ಹಾಗೆ ಸುಲೀತಾ ಇದೀನಿ" ಎಂದರು ಅಧಿಕಾರಿ. "ಇಲ್ಲಿಯವರು ಅಂತೀರಲ್ಲ, ಆ ಮಾಲೀಕರು ಎಲ್ಲಿ?"

"ಆರೋಗ್ಯ ಸರಿ ಇಲ್ಲ ಮೇಡಂ" ಎಂದ ವಕೀಲ.

ಆರೋಗ್ಯ ಸರಿಯಿಲ್ಲದ ಮಾಲೀಕ ಕಾವಮ್ಮನ ಪಕ್ಕದಲ್ಲೇ ಕೂತು ಮುಂದಿನ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದಿದ್ದ.

"ಸರಿ, ಇಲ್ಲಿರೋರಲ್ಲಿ ಯಾರಿಗಾದ್ರೂ ಗೊತ್ತಾ? ಯಾರೂ ಏನೂ ಹೇಳದಿದ್ರೆ ಈ ಅರ್ಜಿನ ಇವತ್ತಿಗೆ ಮುಚ್ಚಬೇಕಾಗುತ್ತೆ" ಎಂದರು ಅಧಿಕಾರಿ.

ತಮ್ಮನ ತೋಳು ಬಿಗಿಯಿತು. ಅವನು ಏಳುವುದಕ್ಕೆ ಕಾಲು ಹಿಂದಕ್ಕೆ ಎಳೆದುಕೊಂಡದ್ದು ಕಾವಮ್ಮನಿಗೆ ತಿಳಿಯಿತು. ಅವನ ಹೆಗಲ ಮೇಲೆ ಕೈಯೂರಿ, ಅವನನ್ನು ಒತ್ತಿ ಕೂರಿಸಿ, ಅವಳೇ ಎದ್ದು ನಿಂತಳು.

"ನಂಗೊತ್ತು. ಹೆಸರು ಕೊಟ್ಟವನು ನನ್ನ ತಮ್ಮ. ಇಲ್ಲೇ ಇದಾನೆ. ನೆಲ ಅವನದಲ್ಲ, ಕಾಗದಕ್ಕೆ ಹೆಸರು ಮಾತ್ರ ಅವನದು. ಅದಕ್ಕೆ ಪ್ರತಿಯಾಗಿ ಬಂದದ್ದು ನನ್ನ ಮರಿಮನೆಯ ಲೈನು. ಇಷ್ಟು ದಿನ ಅದರ ಬೆಳಕಲ್ಲಿ ಉಂಡವಳು ನಾನು. ಬರ್ಕೊಳ್ಳೋದಾದ್ರೆ ಎರಡು ಹೆಸರೂ ಬರ್ಕೊಳ್ಳಿ."

ಸಲೂನಿನವನು ಬಾಯಿ ತೆರೆದವನು ತೆರೆದಂತೆಯೇ ಇದ್ದ. ನಗುಮುಖದವನ ನಗು ಎಲ್ಲಿಗೆ ಹೋಯಿತೋ ಕಾಣಲಿಲ್ಲ.

"ಅಮ್ಮ, ನೀವು ಹೇಳ್ತಿರೋದರ ಅರ್ಥ ನಿಮಗೆ ಗೊತ್ತಿದೆಯಾ?" ಎಂದರು ಅಧಿಕಾರಿ. ದನಿ ಮೆತ್ತಗಿತ್ತು.

"ಗೊತ್ತು. ಹೆಸರು ಕೊಟ್ಟವನಿಗೂ ಜೈಲು, ಲಾಭ ಪಡೆದವರಿಗೂ ಜೈಲು. ಮೇಷ್ಟ್ರು ಓದಿ ಹೇಳಿದಾರೆ. ಆವತ್ತು ಚಪ್ಪಾಳೆ ತಟ್ಟಿದವಳೂ ನಾನೇ."

ಹೇಳಿಕೆ ಬರೆದುಕೊಳ್ಳುವವರೆಗೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕಾಯಬೇಕೆಂದರು. ಬೀದಿಯ ಜನ ಅವರ ಮುಂದೆಯೇ ಹಾದುಹೋದರು. ಕೆಲವರು ನಿಂತು ನೋಡಿದರು, ಕೆಲವರು ನೋಡದೆ ಹೋದರು. ಮೇಷ್ಟರು ಕನ್ನಡಕ ಒರೆಸಿಕೊಂಡು ಹೊರಟರು. ದೂರದಲ್ಲಿ ಕಂಬಗಳು ಅವುಗಳ ಪಾಡಿಗೆ ತಿರುಗುತ್ತಿದ್ದವು, ಪೆಟ್ಟಿಗೆಗಳು ಅವುಗಳ ಪಾಡಿಗೆ ಗೊಂಯ್‌ಗುಡುತ್ತಿದ್ದವು. ಕಾವಮ್ಮನ ಮನಸ್ಸು ಮಾತ್ರ ಮರಿಮನೆಯಲ್ಲಿತ್ತು. ಊರಿನ ಲೈನು ಇದೆಯೋ ಹೋಯಿತೋ, ತಮ್ಮನ ಹೆಂಡತಿ ನೀರು ಬಿಸಿಗಿಟ್ಟಳೋ ಇಲ್ಲವೋ.

ತಮ್ಮ ಅವಳ ಕಡೆ ತಿರುಗಿ ಕೂತ.

"ನಾನೇ ಎದ್ದು ಹೇಳ್ತಿದ್ದೆ ಅಕ್ಕ" ಎಂದ. "ನೀನ್ಯಾಕೆ ಎದ್ದೆ?"

"ಗೊತ್ತು, ನೀನು ಹೇಳ್ತಿದ್ದೆ" ಎಂದಳು ಕಾವಮ್ಮ. "ನನ್ನ ಹೆಸರು ಬಿಟ್ಟು ಹೇಳ್ತಿದ್ದೆ."